ತ್ರಿಭುಜದ ಮೂರನೆಯ ಮೂಲೆ

ತಿಪಟೂರಿನ ನಮ್ಮ ಮನೆಯ ನಡುಮನೆಯಲ್ಲಿ, ಕೆಂಪು ಗಾರೆ ನೆಲದ ಮೇಲೆ, ಈಗಲೂ ಮೂರು ಬಿಳಿ ಚುಕ್ಕೆಗಳಿವೆ. ಅವನ್ನು ಇಟ್ಟವರು ಅಪ್ಪ. 2004ರಲ್ಲಿ, ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಕೂಡಿಟ್ಟ ಹಣದಲ್ಲಿ ಅಪ್ಪ ಒಂದು ಮ್ಯೂಸಿಕ್ ಸಿಸ್ಟಮ್ ತಂದರು. ಕ್ಯಾಸೆಟ್ಟೂ ಹಾಕಬಹುದು, ಸಿಡಿಯೂ ಹಾಕಬಹುದು. ಜೊತೆಗೆ ಎರಡು ಸ್ಪೀಕರ್ ಪೆಟ್ಟಿಗೆ. ಅದರ ಪುಸ್ತಿಕೆಯಲ್ಲಿ ಒಂದು ಚಿತ್ರವಿತ್ತು: ಎರಡು ಪೆಟ್ಟಿಗೆ, ಎದುರಿಗೆ ಮೇಲಿನಿಂದ ಕಂಡಂತೆ ಒಂದು ತಲೆ, ಮೂರನ್ನೂ ಸೇರಿಸುವ ಗೆರೆಗಳು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಅಪ್ಪನಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. 'ಸಮಬಾಹು ತ್ರಿಭುಜ' ಎಂದವರೇ ಅಮ್ಮನ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದು, ನೆಲ ಅಳೆದು, ಬಿಳಿ ಬಣ್ಣದಲ್ಲಿ ಮೂರು ಚುಕ್ಕೆ ಇಟ್ಟರು. ಎರಡರ ಮೇಲೆ ಪೆಟ್ಟಿಗೆಗಳ ಸ್ಟೂಲು. ಮೂರನೆಯದರ ಮೇಲೆ ಅಪ್ಪನ ಬೆತ್ತದ ಕುರ್ಚಿ.

ಭಾನುವಾರ ಬೆಳಿಗ್ಗೆ ಅಪ್ಪ ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿರುತ್ತಿದ್ದಳು. ನಡುವೆ ಒಂದು ಗೋಡೆ. 'ನಂಗೆ ಬರೀ ದಬದಬ ಅಂತ ಕೇಳತ್ತೆ ಕಣೇ, ಏನು ಹಾಡು ಅಂತ್ಲೇ ಗೊತ್ತಾಗಲ್ಲ' ಎಂದು ಅವಳು ನನ್ನ ಹತ್ತಿರ ಹೇಳಿದ್ದು ನೆನಪಿದೆ. ಒಂದು ದಿನ ಅಪ್ಪ ಶಾಲೆಗೆ ಹೋದಮೇಲೆ ಅಮ್ಮ ಎಡಗಡೆಯ ಪೆಟ್ಟಿಗೆಗೆ ಉದ್ದದ ವೈರು ಜೋಡಿಸಿ, ಅದನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟಳು. ಸಂಜೆ ಅಪ್ಪ ಬಂದು ನೋಡಿದರು. 'ಹೀಗಾದರೆ ಸ್ಟೀರಿಯೋ ಎಲ್ಲಿ ಬಂತು?' ಎಂದರು. ಅಮ್ಮ ಉತ್ತರಿಸಲಿಲ್ಲ. ಒಂದು ವಾರ ಸಿಸ್ಟಮ್ ಹಾಡಲಿಲ್ಲ. ಆಮೇಲೆ ಹಾಡಿತು, ಆದರೆ ಪೆಟ್ಟಿಗೆ ಅಡುಗೆಮನೆಯಲ್ಲೇ ಉಳಿಯಿತು.

ಮನೆಯೊಳಗಿನ ಯಂತ್ರಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡಲು ಹೊರಟಾಗ ನನ್ನ ತಲೆಯಲ್ಲಿದ್ದದ್ದು ಆ ಚಿತ್ರವೇ. ಎರಡು ಪೆಟ್ಟಿಗೆ, ಒಂದು ತಲೆ. ಮನೆಯಲ್ಲಿ ಮೂವರಿದ್ದೆವು. ಚಿತ್ರದಲ್ಲಿ ಒಬ್ಬರೇ ಯಾಕಿದ್ದರು?

ಮನೆಗೆ ಬಂದ ಮೊದಲ ಹಾಡುವ ಯಂತ್ರಗಳಿಗೆ ಇಂಥ ಕುರ್ಚಿಯ ಹಂಗು ಇರಲಿಲ್ಲ. ಗ್ರಾಮಫೋನಿನ ಕಹಳೆ ಎಲ್ಲಿಗೆ ತಿರುಗಿದೆಯೋ ಅಲ್ಲಿಗೆ ದನಿ. ಆದರೆ ನಡುಮನೆಯಲ್ಲಿ ಅಷ್ಟು ದೊಡ್ಡ ಕಹಳೆ ಬಾಯಿ ತೆರೆದು ನಿಂತಿರುವುದು ಅಮೆರಿಕದ ಅನುಕೂಲಸ್ಥ ಮನೆಗಳಿಗೆ ಹಿಡಿಸಲಿಲ್ಲ. 1906ರಲ್ಲಿ ವಿಕ್ಟರ್ ಕಂಪನಿ ತಂದ ವಿಕ್ಟ್ರೋಲಾದಲ್ಲಿ ಕಹಳೆಯನ್ನು ಮಡಿಸಿ ಮರದ ಬೀರುವಿನೊಳಗೆ ಅಡಗಿಸಿದ್ದರು. ಮುಂದೆ ಪುಟ್ಟ ಬಾಗಿಲುಗಳು. ದನಿ ಜೋರಾಯಿತೆನಿಸಿದರೆ ಬಾಗಿಲು ಮುಚ್ಚಬೇಕು. ಯಂತ್ರ ಮನೆಯೊಳಗೆ ಬರಬೇಕಾದರೆ ಪೀಠೋಪಕರಣದ ವೇಷ ತೊಡಬೇಕು ಎಂಬ ಕರಾರು ಅಲ್ಲಿಂದಲೇ ಶುರುವಾಯಿತು.

ಇಂದು ನಾವು ಸ್ಪೀಕರ್ ಎನ್ನುವ ವಸ್ತುವಿನ ಮೂಲರೂಪ ಬಂದದ್ದು 1925ರಲ್ಲಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಎಂಜಿನಿಯರುಗಳು ಕಹಳೆಯಿಲ್ಲದ ಸ್ಪೀಕರನ್ನು ವಿವರಿಸಿದರು. ಒಂದು ಶಂಕುವಿನ ಬುಡಕ್ಕೆ ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ವಿದ್ಯುತ್ತು ಏರಿಳಿದಂತೆ ಶಂಕು ಮುಂದಕ್ಕೂ ಹಿಂದಕ್ಕೂ ಅಲುಗುತ್ತದೆ. ಇಲ್ಲೊಂದು ತೊಡಕಿದೆ. ಶಂಕು ಮುಂದಿನ ಗಾಳಿಯನ್ನು ಒತ್ತುವ ಹೊತ್ತಿಗೇ ಹಿಂದಿನ ಗಾಳಿಯನ್ನು ಸಡಿಲಿಸುತ್ತದೆ. ಎರಡೂ ಅಂಚಿನಲ್ಲಿ ಕೂಡಿಕೊಂಡರೆ ಒಂದನ್ನೊಂದು ಅಳಿಸುತ್ತವೆ, ಮಂದ್ರದ ಸ್ವರಗಳು ಮಾಯವಾಗುತ್ತವೆ. ಅದಕ್ಕೇ ಹಲಗೆ ಬೇಕು, ಪೆಟ್ಟಿಗೆ ಬೇಕು. ಪೆಟ್ಟಿಗೆ ಎಂದಕೂಡಲೇ ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಏಳುತ್ತದೆ.

ಎಲ್ಲಿಡುವುದು ಎಂಬುದು ಅಂದಚೆಂದದ ಪ್ರಶ್ನೆ ಮಾತ್ರವಲ್ಲ. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 100 ಹರ್ಟ್ಸ್‌ನ ಮಂದ್ರ ಸ್ವರದ ಒಂದು ಅಲೆಯ ಉದ್ದ ಸುಮಾರು ಮೂರೂವರೆ ಮೀಟರು, ಅಂದರೆ ಒಂದು ಕೋಣೆಯಷ್ಟು. 10,000 ಹರ್ಟ್ಸ್‌ನ ತಾರ ಸ್ವರದ ಅಲೆ ಮೂರೂವರೆ ಸೆಂಟಿಮೀಟರು, ಬೆರಳಿಗಿಂತ ಚಿಕ್ಕದು. ದೊಡ್ಡ ಅಲೆ ಬಾಗಿಲು ಗೋಡೆಗಳನ್ನು ಬಳಸಿಕೊಂಡು ಎಲ್ಲಿಗೂ ಹೋಗುತ್ತದೆ. ಚಿಕ್ಕದು ದೀಪದ ಬೆಳಕಿನಂತೆ ನೇರ ಹೋಗಿ ಅಡ್ಡ ಬಂದದ್ದಕ್ಕೆ ಬಡಿದು ನಿಲ್ಲುತ್ತದೆ. ಅಮ್ಮ ಹೇಳಿದ ದಬದಬಕ್ಕೆ ಕಾರಣ ಇದೇ. ಗೋಡೆ ದಾಟಿ ಅವಳನ್ನು ತಲುಪಿದ್ದು ತಾಳ, ಮಾತಲ್ಲ. ಸಾಹಿತ್ಯದ ವ್ಯಂಜನಗಳೆಲ್ಲ ನಡುಮನೆಯಲ್ಲೇ ಉಳಿದುಬಿಡುತ್ತಿದ್ದವು.

ಪೆಟ್ಟಿಗೆಯನ್ನು ಗೋಡೆಗೆ ಒತ್ತಿಟ್ಟರೆ ಮಂದ್ರ ಹೆಚ್ಚುತ್ತದೆ, ಎರಡು ಗೋಡೆ ಕೂಡುವ ಮೂಲೆಯಲ್ಲಿಟ್ಟರೆ ಇನ್ನೂ ಹೆಚ್ಚುತ್ತದೆ. ಇದನ್ನು ದೋಷವೆಂದು ನೋಡದೆ ಉಪಾಯವನ್ನಾಗಿ ಮಾಡಿಕೊಂಡವನು ಅಮೆರಿಕದ ಪಾಲ್ ಕ್ಲಿಪ್ಷ್. ಅರ್ಕನ್ಸಾಸಿನ ಹೋಪ್ ಎಂಬ ಊರಿನಲ್ಲಿ 1946ರಲ್ಲಿ ಕಂಪನಿ ತೆರೆದ ಅವನ ಕ್ಲಿಪ್ಷ್‌ಹಾರ್ನ್ ಎಂಬ ಸ್ಪೀಕರನ್ನು ಮೂಲೆಯಲ್ಲೇ ಇಡಬೇಕು. ಕೋಣೆಯ ಗೋಡೆಗಳೇ ಅದರ ಕಹಳೆಯ ಮುಂದುವರಿಕೆ. ಕೋಣೆಯ ಒಂದು ಭಾಗವೇ ವಾದ್ಯವಾದಂತೆ. ಆಗ ಒಂದೇ ಪೆಟ್ಟಿಗೆಯ ಕಾಲ. ಮೂಲೆಯಲ್ಲಿ ನಿಂತು ಹಾಡುವ ಒಂದು ಪೆಟ್ಟಿಗೆ ಕೋಣೆಯಲ್ಲಿ ಯಾರು ಎಲ್ಲಿ ಕೂತರೂ ಹೆಚ್ಚು ಭೇದ ಮಾಡದು.

ಭೇದ ಹುಟ್ಟಿದ್ದು ಎರಡನೆಯ ಪೆಟ್ಟಿಗೆ ಬಂದಾಗ. ಅದರ ಕಥೆ 1931ರ ಲಂಡನ್ನಿಗೆ ಹೋಗುತ್ತದೆ. ಇಎಂಐ ಸಂಸ್ಥೆಯ ತರುಣ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ ಪತ್ನಿಯಾಗಲಿದ್ದ ಡೊರೀನ್ ಜೊತೆ ಸಿನಿಮಾಕ್ಕೆ ಹೋಗಿದ್ದನಂತೆ. ನಟ ಪರದೆಯ ಒಂದು ಬದಿಯಲ್ಲಿ, ಅವನ ದನಿ ಇನ್ನೆಲ್ಲಿಂದಲೋ. ನಟ ನಡೆದತ್ತ ದನಿಯೂ ನಡೆಯುವಂತೆ ಮಾಡುವ ದಾರಿ ನನಗೆ ಗೊತ್ತು ಎಂದು ಅವನು ಅವಳಿಗೆ ಹೇಳಿದನೆಂಬುದು ಪ್ರಚಲಿತ ಕಥೆ. ಕಥೆ ಹೇಗೇ ಇರಲಿ, ಆ ವರ್ಷದ ಡಿಸೆಂಬರ್ 14ರಂದು ಅವನು ಸಲ್ಲಿಸಿದ ಪೇಟೆಂಟ್ ಅರ್ಜಿ ಇಂದಿನ ಸ್ಟೀರಿಯೋದ ತಳಪಾಯ. ಎರಡು ಸ್ಪೀಕರುಗಳು ಒಂದೇ ದನಿಯನ್ನು ಸಮವಾಗಿ ಹೊರಡಿಸಿದರೆ, ನಡುವಿನಲ್ಲಿ ಕೂತವರಿಗೆ ದನಿ ಬರುವುದು ಏನೂ ಇಲ್ಲದ ನಡುಜಾಗದಿಂದ. ಎಡಕ್ಕೆ ಸ್ವಲ್ಪ ಹೆಚ್ಚಿಸಿದರೆ ಗಾಯಕಿ ಎಡಕ್ಕೆ ಸರಿಯುತ್ತಾಳೆ. ಕಿವಿಗೆ ಮಾಡುವ ಮೋಸ, ಆದರೆ ಸೊಗಸಾದ ಮೋಸ. ಒಂದೇ ಗಾಡಿಯ ಎರಡು ಗೋಡೆಗಳಲ್ಲಿ, ಅಂದರೆ ತಟ್ಟೆಯ ಮೇಲಿನ ಒಂದೇ ಗೀರಿನ ಎರಡು ಬದಿಗಳಲ್ಲಿ, ಎರಡು ದನಿಗಳನ್ನು ಕೊರೆಯುವ ವಿಧಾನವನ್ನೂ ಅವನು ಅದರಲ್ಲೇ ಬರೆದಿಟ್ಟ. 1942ರ ಜೂನ್ 7ರಂದು ರೇಡಾರ್ ಪರೀಕ್ಷೆಗೆಂದು ಹಾರಿದ ವಿಮಾನ ಬಿದ್ದು ಬ್ಲೂಮ್‌ಲೈನ್ ಸತ್ತಾಗ ವಯಸ್ಸು 38. ತನ್ನ ಸ್ಟೀರಿಯೋ ಜನರ ಮನೆ ಸೇರುವುದನ್ನು ಅವನು ನೋಡಲಿಲ್ಲ.

ಅದೇ ಕಾಲಕ್ಕೆ ಅಮೆರಿಕದ ಬೆಲ್ ಪ್ರಯೋಗಾಲಯ ಬೇರೆ ದಾರಿ ಹಿಡಿದಿತ್ತು. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ನುಡಿಸಿದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲಿಗೆ ಕಳಿಸಿದರು. ವೇದಿಕೆಯಲ್ಲಿ ವಾದಕರಿರಲಿಲ್ಲ, ಸ್ಪೀಕರುಗಳಷ್ಟೇ. ದನಿಯನ್ನು ಹೊತ್ತು ತಂದ ವಾಹಿನಿಗಳು ಎರಡಲ್ಲ, ಮೂರು: ಎಡ, ನಡು, ಬಲ. ಈ ಮೂರನ್ನು ನೋಡಿದಾಗ ನನ್ನ ಪ್ರಶ್ನೆಗೆ ಒಂದು ತುದಿ ಸಿಕ್ಕಿತು. ಸಭಾಂಗಣದಲ್ಲಿ ನೂರಾರು ಜನ ಕೂರುತ್ತಾರೆ, ಎಲ್ಲರೂ ನಡುವಿನಲ್ಲಿ ಕೂರಲಾಗದು. ನಡುವೆ ನಿಜವಾದ ಒಂದು ಸ್ಪೀಕರ್ ಇದ್ದರೆ ಬದಿಯಲ್ಲಿ ಕೂತವರಿಗೂ ನಡುವಿನ ದನಿ ನಡುವಿನಿಂದಲೇ ಬರುತ್ತದೆ. ಮೂರನೆಯ ಪೆಟ್ಟಿಗೆ ಬದಿಯಲ್ಲಿ ಕೂತವರ ಪಾಲು.

ಮನೆಗೆ ಬಂದದ್ದು ಮಾತ್ರ ಎರಡೇ. 1958ರ ಹೊತ್ತಿಗೆ ಅಂಗಡಿಗೆ ಬಂದ ಸ್ಟೀರಿಯೋ ಎಲ್‌ಪಿ ತಟ್ಟೆಗಳಲ್ಲಿ ಗೀರಿಗೆ ಇದ್ದದ್ದು ಎರಡು ಬದಿ, ಹಿಡಿಸಿದ್ದು ಎರಡು ವಾಹಿನಿ. ಮೂರನೆಯದಕ್ಕೆ ಸುಲಭದ ಜಾಗವಿರಲಿಲ್ಲ. ಎರಡೇ ಪೆಟ್ಟಿಗೆಯಾದಾಗ ನಡುವಿನ ಗಾಯಕಿ ಭ್ರಮೆಯಾಗಿಯೇ ಉಳಿಯುತ್ತಾಳೆ, ಆ ಭ್ರಮೆ ನಿಲ್ಲುವುದು ನಡುಗೆರೆಯ ಮೇಲೆ ಕೂತವರಿಗಷ್ಟೇ. ಜರ್ಮನಿಯ ಗೋಟಿಂಗನ್ನಿನಲ್ಲಿ ಹೆಲ್ಮುಟ್ ಹಾಸ್ 1949ರಲ್ಲಿ ಬರೆದ ಪಿಎಚ್.ಡಿ. ಪ್ರಬಂಧ ಇದರ ಕಾರಣವನ್ನು ತಿಳಿಸುತ್ತದೆ. ಒಂದೇ ದನಿ ಎರಡು ಕಡೆಯಿಂದ ಬಂದರೆ, ಮೊದಲು ಮುಟ್ಟಿದ್ದನ್ನೇ ಕಿವಿ ಮೂಲವೆಂದು ನಂಬುತ್ತದೆ. ಒಂದು ಪೆಟ್ಟಿಗೆ ಇನ್ನೊಂದಕ್ಕಿಂತ ಒಂದು ಮೀಟರ್ ಹತ್ತಿರವಾದರೆ ದನಿ ಸುಮಾರು 3 ಮಿಲಿಸೆಕೆಂಡು ಮೊದಲು ಬರುತ್ತದೆ. ಅಷ್ಟು ಸಾಕು, ಗಾಯಕಿ ನಡುವಿನಿಂದ ಎದ್ದು ಹತ್ತಿರದ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತಾಳೆ. ಅಪ್ಪನ ಕುರ್ಚಿಯ ಪಕ್ಕ, ಚಾಪೆಯ ಮೇಲೆ ಕೂರುತ್ತಿದ್ದ ನನಗೆ ಆದದ್ದು ಅದೇ.

ಎರಡನೆಯ ಪೆಟ್ಟಿಗೆ ಮನೆಯೊಳಗೆ ಹಿಡಿಯುವಂತೆ ಮಾಡಿದ್ದು ಇನ್ನೊಂದು ಸಂಶೋಧನೆ. ಒಳ್ಳೆಯ ಮಂದ್ರ ಬೇಕೆಂದರೆ ಬೀರುವಿನಷ್ಟು ಪೆಟ್ಟಿಗೆ ಬೇಕಿದ್ದ ಕಾಲದಲ್ಲಿ, 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಮೆಸಾಚುಸೆಟ್ಸಿನ ಕೇಂಬ್ರಿಡ್ಜಿನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ತೆರೆದರು. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗಿನಂತೆ ಬಳಸುವುದು ವಿಲ್ಚರನ ಯುಕ್ತಿ. ಎರಡಡಿ ಚಿಲ್ಲರೆ ಉದ್ದದ ಪೆಟ್ಟಿಗೆಯಿಂದ ಆಳವಾದ ಮಂದ್ರ ಬಂತು. ನಾಲ್ಕು ವರ್ಷದ ನಂತರ ಸ್ಟೀರಿಯೋ ಬಂದು ಎಲ್ಲರೂ ಒಂದರ ಜಾಗದಲ್ಲಿ ಎರಡು ಇಡಬೇಕಾದಾಗ ಚಿಕ್ಕ ಪೆಟ್ಟಿಗೆಯ ಬೆಲೆ ತಿಳಿಯಿತು. ಪುಸ್ತಕದ ಕಪಾಟಿನಲ್ಲಿ ಕೂರುವ ಸ್ಪೀಕರುಗಳ ವಂಶ ಅಲ್ಲಿಂದ ಬೆಳೆಯಿತು.

ಹೀಗೆ ಭೌತಶಾಸ್ತ್ರ ಒಂದು ಕುರ್ಚಿ ಹಾಕಿತು. ಅದರಲ್ಲಿ ಯಾರು ಕೂರಬೇಕೆಂದು ಭೌತಶಾಸ್ತ್ರ ಹೇಳಲಿಲ್ಲ, ಅದನ್ನು ಹೇಳಿದ್ದು ಮನೆ. ಕೀರ್ ಕೀಟ್ಲಿ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ ಒಂದು ಲೇಖನ ಎರಡನೆಯ ಮಹಾಯುದ್ಧದ ನಂತರದ ಅಮೆರಿಕದ ಹೈ-ಫೈ ಹುಚ್ಚನ್ನು ಕುರಿತದ್ದು. ಆ ಕಾಲದ ಪತ್ರಿಕೆಗಳನ್ನು ಓದಿ ಅವರು ತೋರಿಸುವುದು ಇಷ್ಟು: ಮನೆಯೆಂದರೆ ಹೆಂಗಸಿನ ರಾಜ್ಯ ಎಂದು ನಂಬಿದ್ದ ಗಂಡಸರಿಗೆ ಸ್ಪೀಕರುಗಳು ಅದರೊಳಗೆ ತಮ್ಮದೊಂದು ಜಾಗವನ್ನು ಗೆದ್ದುಕೊಳ್ಳುವ ಸಾಧನವಾದವು. ವ್ಯಂಗ್ಯಚಿತ್ರಗಳಲ್ಲೂ ಬರಹಗಳಲ್ಲೂ ಹೆಂಡತಿ ಬರುವುದು ದನಿ ಕಡಿಮೆ ಮಾಡಿ ಎಂದು ಕಿರುಚುವವಳಾಗಿ. ಅದನ್ನು ಓದುವಾಗ ನಾನು ಗುರುತು ಹಾಕಿಕೊಂಡದ್ದು ಒಂದು ವ್ಯತ್ಯಾಸವನ್ನು. ನಮ್ಮ ಅಮ್ಮ ದನಿ ಕಡಿಮೆ ಮಾಡಿ ಎಂದವಳಲ್ಲ. ತನಗೂ ಕೇಳಲಿ ಎಂದವಳು.

ಅವಳಿಗೆ ಹಾಗೆ ಕೇಳುವ ರೂಢಿ ಎಲ್ಲಿಂದ ಬಂತು? ರೇಡಿಯೋದಿಂದ ಎಂಬುದು ನನ್ನ ಊಹೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಶುರುಮಾಡಿದರು. 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಬಂತು, 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ. ಅಜ್ಜಿಯ ಮನೆಯಲ್ಲಿ ರೇಡಿಯೋ ಇದ್ದದ್ದು ಗೋಡೆಗೆ ಹೊಡೆದ ಎತ್ತರದ ಹಲಗೆಯ ಮೇಲೆ, ಕಸೂತಿಯ ಹೊದಿಕೆ ಹೊದ್ದು. ಮಕ್ಕಳ ಕೈಗೆ ಸಿಗದಿರಲಿ ಎಂದು ಅಷ್ಟು ಎತ್ತರ. ಆದರೆ ಅದರಿಂದ ಇನ್ನೊಂದು ಉಪಕಾರವೂ ಆಯಿತು. ಆಳೆತ್ತರಕ್ಕಿಂತ ಮೇಲಿದ್ದ ಆ ಒಂಟಿ ಪೆಟ್ಟಿಗೆಗೆ ಅಡ್ಡ ಬರುವ ತಲೆಗಳಿರಲಿಲ್ಲ. ಜಗಲಿಯ ಮೇಲಿನ ತಾತನಿಗೂ, ಒರಳ ಮುಂದಿನ ಅಜ್ಜಿಗೂ, ಹೊಸ್ತಿಲ ಮೇಲೆ ಹೂ ಕಟ್ಟುತ್ತಿದ್ದ ಅಮ್ಮನಿಗೂ ಅದೇ ಹಾಡು, ಇಡೀ ಹಾಡು. ಕಿವಿಗೆ ಸೊಗಸು ಕಡಿಮೆ ಇದ್ದಿರಬಹುದು. ಎಲ್ಲಿ ಅಳವಡಿಸಬೇಕು ಎಂಬ ಚಿಂತೆಯಲ್ಲಿ ಮಾತ್ರ ಆ ಮನೆ ಯಾರನ್ನೂ ಬಿಟ್ಟಿರಲಿಲ್ಲ. ಆದರೂ ಅದನ್ನು ನೆನೆದು ಕಣ್ಣೊದ್ದೆ ಮಾಡಿಕೊಳ್ಳಲು ನನಗೆ ಮನಸ್ಸಿಲ್ಲ. ಹಲಗೆಯ ಮೇಲಿನ ಆ ಪೆಟ್ಟಿಗೆಯ ಗುಂಡಿ ತಿರುಗಿಸುವ ಅಧಿಕಾರ ತಾತನದೊಬ್ಬರದೇ ಆಗಿತ್ತಂತೆ.

ಹೋದ ಯುಗಾದಿಗೆ ಊರಿಗೆ ಹೋದಾಗ ಎರಡೂ ಪೆಟ್ಟಿಗೆಗಳನ್ನು ಒರೆಸಿದೆ. ಅಡುಗೆಮನೆಯದಕ್ಕೆ ಎಣ್ಣೆಜಿಡ್ಡು ಹತ್ತಿ ಬಣ್ಣವೇ ಬದಲಾಗಿತ್ತು. ಅದನ್ನು ಹಳೆಯ ಚುಕ್ಕೆಯ ಮೇಲೆ, ಕಿವಿಯ ಮಟ್ಟಕ್ಕೆ ಬರುವಂತೆ ಸ್ಟೂಲಿನ ಮೇಲಿಟ್ಟೆ. ಅಪ್ಪ ತಾವೇ ಬಂದು, ಎರಡನ್ನೂ ಕುರ್ಚಿಯ ಕಡೆಗೆ ಚೂರು ಓರೆಯಾಗಿ ತಿರುಗಿಸಿದರು. ಅಮ್ಮನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದೆ. 'ಒಲೆ ಮೇಲೆ ಹಾಲಿದೆ' ಎಂದಳು. 'ನಾನು ನೋಡ್ಕೋತೀನಿ, ನೀನು ಕೂತ್ಕೋ' ಎಂದು ಅಪ್ಪ ಒಳಗೆ ಹೋದರು.

ಅವಳಿಗೆ ಬಾಯಿಪಾಠವಿದ್ದ ಒಂದು ಭಾವಗೀತೆಯ ಸಿಡಿ ಹಾಕಿದೆ. ಅಮ್ಮ ಮೊದಲು ಪೆಟ್ಟಿಗೆಗಳನ್ನು ನೋಡಿದಳು, ಆಮೇಲೆ ಅವುಗಳ ನಡುವಿನ ಖಾಲಿ ಗೋಡೆಯನ್ನು. ಎರಡನೆಯ ಚರಣಕ್ಕೆ ಮುಂಚೆ ಬಲಗಡೆಯಿಂದ ಕೊಳಲು ಬಂತು. ಅವಳು ಥಟ್ಟನೆ ನನ್ನ ಕಡೆ ತಿರುಗಿದಳು.

'ಇದ್ರಲ್ಲಿ ಕೊಳಲೂ ಇತ್ತೇನೇ?'

ಇಪ್ಪತ್ತು ವರ್ಷ ಅವಳು ಆ ಹಾಡಿನ ಎಡಭಾಗವನ್ನಷ್ಟೇ ಕೇಳಿದ್ದಳು. ಅಡುಗೆಮನೆಯಿಂದ ಅಪ್ಪನ ದನಿ ಬಂತು: 'ಕೊಳಲು ನಂಗೊತ್ತಿತ್ತು. ಆ ವೀಣೆ ಎಲ್ಲಿಂದ ಬಂತು?'