ಒಂದು ಬೀಜ, ಮೂರು ಮೊಳಕೆ

ಬಾಲ್ಕನಿಯ ಕುಂಡದಲ್ಲಿ ಕಿತ್ತಳೆ ಬೀಜ ಹಾಕಿದವರು ಇದನ್ನು ಗಮನಿಸಿರುತ್ತೀರಿ. ಹಾಕಿದ್ದು ಒಂದೇ ಬೀಜ, ಎದ್ದದ್ದು ಎರಡೋ ಮೂರೋ ಮೊಳಕೆ. 1719ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಸೂಕ್ಷ್ಮದರ್ಶಕದಡಿ ಕಿತ್ತಳೆ ಬೀಜವೊಂದನ್ನಿಟ್ಟು, ಒಳಗೆ ಎರಡು ಭ್ರೂಣ ಇರುವುದನ್ನು ಕಂಡ. ಅದು ಹೇಗೆ ಎಂಬುದಕ್ಕೆ ಉತ್ತರ ಸಿಗಲು ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

1878ರಲ್ಲಿ ಜರ್ಮನಿಯ ಯೇನಾದಲ್ಲಿದ್ದ ಸ್ಟ್ರಾಸ್‌ಬರ್ಗರ್ ಗುಟ್ಟು ಬಿಡಿಸಿದ. ಆ ಭ್ರೂಣಗಳಲ್ಲಿ ಪರಾಗಸ್ಪರ್ಶದಿಂದ ಹುಟ್ಟುವುದು ಸಾಮಾನ್ಯವಾಗಿ ಒಂದೇ. ಉಳಿದವು ತಾಯಿಮರದ ಅಂಗಾಂಶದಿಂದಲೇ ಮೂಡುತ್ತವೆ. ಅವುಗಳಿಗೆ ತಂದೆಯೇ ಇಲ್ಲ, ಅವು ತಾಯಿಯ ತದ್ರೂಪು.

ಇದರ ಬಿಸಿ ತಟ್ಟಿದ್ದು ಅಮೆರಿಕದ ಸ್ವಿಂಗಲ್ ಮತ್ತು ವೆಬರ್‌ಗೆ. 1894-95ರ ಚಳಿಗಾಲದ ಹಿಮಕ್ಕೆ ಫ್ಲೋರಿಡಾದ ಕಿತ್ತಳೆ ತೋಟಗಳು ಸತ್ತವು. ಚಳಿ ತಡೆಯುವ ತಳಿಗಾಗಿ ಇವರಿಬ್ಬರೂ ಸಂಕರ ಮಾಡಿದರೆ, ಬಂದ ಸಸಿಗಳಲ್ಲಿ ಎಷ್ಟೋ ತಾಯಿಯ ಹಾಗೆಯೇ ಇದ್ದವು. ತಳಿಗಾರನಿಗೆ ತಲೆನೋವಾದ ಇದೇ ಗುಣ ರೈತನಿಗೆ ವರ. ಕಾಫಿ ತೋಟಗಳ ನಡುವೆ ಬೆಳೆದ ಕೊಡಗಿನ ಕಿತ್ತಳೆ ತಲೆಮಾರುಗಳ ಕಾಲ ಬಹುಪಾಲು ಬೀಜದ ಸಸಿಗಳಿಂದಲೇ ಬಂದಿದ್ದರೂ ತನ್ನತನ ಉಳಿಸಿಕೊಂಡದ್ದು ಹೀಗೆ. ದೇವನಹಳ್ಳಿ ಚಕ್ಕೋತಕ್ಕೆ ಈ ಸೌಲಭ್ಯವಿಲ್ಲ. ಚಕ್ಕೋತದ ಬೀಜದಲ್ಲಿ ಇರುವುದು ಒಂದೇ ಭ್ರೂಣ, ಅದಕ್ಕೆ ತಂದೆಯೂ ಉಂಟು. ಬೀಜ ಹಾಕಿದರೆ ಬರುವುದು ಹೊಸ ಮರ, ಅದೇ ರುಚಿ ಬೇಕೆಂದರೆ ಗೂಟಿಯೋ ಕಸಿಯೋ ಆಗಬೇಕು.

ಕೊಡಗಿನ ಕಿತ್ತಳೆ ಇಂದು ಕುಗ್ಗಿದೆ. ಟ್ರಿಸ್ಟೆಜಾ ವೈರಸ್ ಮತ್ತು ಗ್ರೀನಿಂಗ್ ರೋಗ ತೋಟಗಳನ್ನು ತಿಂದಿವೆ. ಇಲ್ಲೂ ಬೀಜದ್ದೇ ಒಂದು ಉಪಕಾರವಿದೆ: ಟ್ರಿಸ್ಟೆಜಾ ಕಸಿಕಡ್ಡಿಯ ಜೊತೆ ಸಾಗುತ್ತದೆ, ಬೀಜದ ಜೊತೆ ಸಾಗುವುದಿಲ್ಲ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಹೊವರ್ಡ್ ಫ್ರಾಸ್ಟ್ ಇಂಥ ತಂದೆಯಿಲ್ಲದ ಸಸಿಗಳಿಂದಲೇ ಹಳೆಯ ತಳಿಗಳಿಗೆ ಹೊಸ ಪೀಳಿಗೆ ಕಟ್ಟಿದ. ಆದರೆ ತೋಟಕ್ಕೆ ಹೋದ ಮೇಲೆ ಹೇನು ಮತ್ತೆ ವೈರಸ್ ತರಬಲ್ಲದು. ಬೀಜ ಕೊಡುವುದು ಶುದ್ಧ ಆರಂಭವನ್ನು ಮಾತ್ರ, ರಕ್ಷಣೆಯನ್ನಲ್ಲ.

ಈಗ ನಿಮ್ಮ ಕುಂಡಕ್ಕೆ ಬರೋಣ. ಮೂರರಲ್ಲಿ ಒಂದನ್ನು ಉಳಿಸುವುದಾದರೆ, ಹುರುಪಾಗಿ ಬೆಳೆಯುವ, ಮಿಕ್ಕವನ್ನು ಹೋಲುವ ಸಸಿಯನ್ನೇ ಉಳಿಸಿ. ಸೊರಗಿದ, ಬೇರೆ ಥರದ ಎಲೆಯ ಸಸಿ ಹೆಚ್ಚಾಗಿ ಸಂಕರದ್ದು. ಉಳಿಸಿಕೊಂಡ ಸಸಿ ಮುಳ್ಳು ಬಿಡುತ್ತದೆ, ಹೆದರಬೇಡಿ, ಅದು ಎಳೆತನದ ಲಕ್ಷಣ. ಅಂದಕ್ಕಾಗಿ ತುದಿಯನ್ನು ಪದೇಪದೇ ಚಿವುಟಬೇಡಿ. ಬೀಜದ ಮರ ಸಾಕಷ್ಟು ಗೆಣ್ಣುಗಳನ್ನು ದಾಟಿದ ಮೇಲೆಯೇ ಹೂ ಬಿಡುತ್ತದೆ, ತುದಿ ಕತ್ತರಿಸಿದಷ್ಟೂ ಆ ದಿನ ದೂರವಾಗುತ್ತದೆ. ಬುಡದ ಚಿಗುರು, ಒಣಗಿದ ಕಡ್ಡಿ ತೆಗೆದರೆ ಸಾಕು.

ಕುಂಡದಲ್ಲಿ ಹಣ್ಣು ನೋಡಲು ಹಲವು ವರ್ಷ ಕಾಯಬೇಕು, ಕೆಲವೊಮ್ಮೆ ಸಿಗದೆಯೂ ಹೋಗಬಹುದು. ಆದರೆ ಪುಣೆಯ ಐದನೇ ಮಹಡಿಯಲ್ಲಿ ನಿಂತ ಆ ಗಿಡ ಕೊಡಗಿನ ಹಣ್ಣಿನ ಬೀಜದ್ದಾದರೆ, ಅದು ಬರೀ ನೆನಪಿನ ವಸ್ತುವಲ್ಲ. ಹೆಚ್ಚಿನ ಪಾಲು ಅದು ಆ ತೋಟದ ಮರವೇ.