ಬೇರೆಯವರ ಬೇಲಿ ಕಾಯ್ದವರು

ನಮ್ಮ ಬೀದಿಯ ಕೊನೆಯ ಮನೆಯವರ ಮಗ ಸೈನ್ಯದಲ್ಲಿದ್ದಾನೆ. ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ಅವನನ್ನು ದಕ್ಷಿಣ ಸುಡಾನಿಗೆ ಕಳಿಸಿದಾಗ ಆ ತಾಯಿ ನಮ್ಮ ಜಗಲಿಯಲ್ಲಿ ಕೂತು, "ದೇಶದ ಗಡಿ ಕಾಯಲಿ ಅಂತ ಕಳಿಸಿದೆ ಕಣ್ರೀ. ಯಾರದೋ ಮನೆ ಜಗಳದಲ್ಲಿ ನನ್ನ ಮಗ ಯಾಕೆ ನಿಲ್ಲಬೇಕು?" ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಕಾಫಿ ತಂದುಕೊಟ್ಟೆ, ಅಷ್ಟೆ.

ಆಮೇಲೆ ಮಡಿಕೇರಿಗೆ ಹೋದಾಗ 'ಸನ್ನಿ ಸೈಡ್' ನೋಡಿದೆ. ಜನರಲ್ ಕೆ. ಎಸ್. ತಿಮ್ಮಯ್ಯನವರ ಆ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಕೋಣೆಯಿಂದ ಕೋಣೆಗೆ ನಡೆಯುವಾಗ ಆಕೆಯ ಪ್ರಶ್ನೆಯೂ ನನ್ನ ಜೊತೆಗೇ ಬಂತು.

ಕೊರಿಯಾದ ಯುದ್ಧ 1953ರ ಜುಲೈ 27ರಂದು ನಿಂತಿತು. ಆದರೆ ಸೆರೆಸಿಕ್ಕ ಚೀನೀ ಮತ್ತು ಉತ್ತರ ಕೊರಿಯಾದ 22,000ಕ್ಕೂ ಹೆಚ್ಚು ಸೈನಿಕರು ಊರಿಗೆ ಮರಳಲು ಒಪ್ಪಲಿಲ್ಲ. ಎದುರು ಪಕ್ಷದ ಸೆರೆಯಲ್ಲಿದ್ದ 359 ಮಂದಿಯದೂ ಅದೇ ಮಾತು. ಇದು ಮನಸ್ಸಿನ ಮಾತೋ, ಯಾರದೋ ಹೆದರಿಕೆಯ ಮಾತೋ? ಅದನ್ನು ತಿಳಿಯಲು ಐದು ತಟಸ್ಥ ದೇಶಗಳ ಆಯೋಗವಾಯಿತು. ಅಧ್ಯಕ್ಷಸ್ಥಾನ ಭಾರತದ್ದು, ಕೂತವರು ನಮ್ಮ ತಿಮ್ಮಯ್ಯ.

ಕೈದಿಗಳನ್ನು ಕಾಯಲು ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್ ಅವರ ಕೈಕೆಳಗೆ ನಮ್ಮ ಐದಾರು ಸಾವಿರ ಸೈನಿಕರು ಹೋದರು. ತನ್ನ ನೆಲದ ಮೇಲೆ ಭಾರತೀಯರು ಕಾಲಿಡಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದದ್ದರಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಶಿಬಿರಕ್ಕೆ ಇಳಿಸಬೇಕಾಯಿತು! ಕೈದಿಗಳು ನಮ್ಮ ಮೇಜರೊಬ್ಬರನ್ನು ಹಿಡಿದಿಟ್ಟುಕೊಂಡಾಗ ಥೋರಟ್ ತಾವೇ ಬೇಲಿಯೊಳಗೆ ಹೋಗಿ, ಮಾತಾಡಿ, ಬಿಡಿಸಿ ತಂದರು. ಎಲ್ಲವೂ ಹೀಗೆ ಮಾತಿನಲ್ಲೇ ಮುಗಿಯಲಿಲ್ಲ. ಅಕ್ಟೋಬರಿನಲ್ಲಿ ನಮ್ಮವರು ಗುಂಡು ಹಾರಿಸಿದರು, ಕೈದಿಗಳು ಸತ್ತರು. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ.

1954ರ ಜನವರಿಯಲ್ಲಿ ಅವಧಿ ಮುಗಿದಾಗಲೂ ಹೆಚ್ಚಿನವರು ಊರಿಗೆ ಹೋಗಲು ಒಪ್ಪಿರಲಿಲ್ಲ. ಅವರನ್ನು ಮೊದಲು ಸೆರೆಯಲ್ಲಿಟ್ಟವರಿಗೇ ಒಪ್ಪಿಸಲಾಯಿತು. ಎರಡು ಪಕ್ಷವೂ ಬೇಡವೆಂದ ಎಂಬತ್ತಕ್ಕೂ ಮಿಕ್ಕಿದ ಮಂದಿ ನಮ್ಮ ಸೈನಿಕರ ಜೊತೆಯಲ್ಲಿ ಭಾರತಕ್ಕೆ ಬಂದರು.

ಮನೆಯ ಇನ್ನೊಂದು ಕಥೆ ತಿಮ್ಮಯ್ಯನವರ ಪತ್ನಿ ನೀನಾ ಅವರದು. 1935ರಲ್ಲಿ ಕ್ವೆಟ್ಟಾ ಭೂಕಂಪದಲ್ಲಿ ನೆಲಸಮವಾದಾಗ, ಆಗಷ್ಟೇ ಮದುವೆಯಾಗಿದ್ದ ಈ ಹೆಣ್ಣುಮಗಳು ಗಾಯಾಳುಗಳ ಸೇವೆಗೆ ನಿಂತರು. ಕೈಸರ್-ಇ-ಹಿಂದ್ ಪದಕ ಪಡೆದರು. ಸಮವಸ್ತ್ರವಿಲ್ಲದ ಸಿಪಾಯಿ ಎನ್ನಬಾರದೇ?

ತಿಮ್ಮಯ್ಯನವರ ಕೊನೆಯ ಕೆಲಸವೂ ಪರರ ಜಗಳ ಕಾಯುವುದೇ. ಗ್ರೀಕರು, ತುರ್ಕರು ಕಾದಾಡುತ್ತಿದ್ದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು 1964ರಿಂದ ನಡೆಸಿ, 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಮರುವರ್ಷ ಆ ಪುಟ್ಟ ದೇಶ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು.

ಊರಿಗೆ ಬಂದು ಆ ತಾಯಿಗೆ ಇದೆಲ್ಲ ಹೇಳಿದೆ. ಮಗನನ್ನು ಕಳಿಸಿದ್ದು ಸರಿಯೆಂದು ಒಪ್ಪಿಸುವ ಹುಮ್ಮಸ್ಸು ನನ್ನದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಇಲ್ಲಿಗೆ ಬಂದರಲ್ಲ ಆ ಹುಡುಗರು, ಬದುಕಿದ್ದಾರೆ ಅಂತ ಅವರ ತಾಯಂದಿರಿಗೆ ಗೊತ್ತಾಯಿತೇನ್ರೀ?"

ಈ ಸಲವೂ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಬೇರೆಯವರ ಬೇಲಿಯೊಳಗೆ ಆಕೆಯೂ ಕಾಲಿಟ್ಟಾಗಿತ್ತು.