ಹಿರಿಯರಿಗೂ ಒಂದು ಪರೀಕ್ಷೆ

ನಮ್ಮ ನ್ಯೂಜೆರ್ಸಿಯ ಮಾಂಟ್‌ವೇಲ್ ದಾಟಿದೊಡನೆ ಸಿಗುವ ಊರು ನ್ಯೂಯಾರ್ಕಿನ ಪರ್ಲ್ ರಿವರ್. ರಕ್ತದ ಕ್ಯಾನ್ಸರಿನ ಮೊದಲ ಮದ್ದುಗಳಲ್ಲೊಂದಾದ ಅಮಿನೋಪ್ಟೆರಿನ್, ಅಲ್ಲಿದ್ದ ಲೆಡರ್ಲೆ ಪ್ರಯೋಗಾಲಯದಲ್ಲಿ ತೆಲುಗುನಾಡಿನ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಕೈಯಲ್ಲಿ ಸಿದ್ಧವಾಯಿತು. ಅದನ್ನು ಕೊಟ್ಟ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರೆಂದು ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ವರದಿ ಮಾಡಿದರು. ಆದರೆ ರೋಗ ಮರಳಿ ಬಂತು. ಒಂದು ಮದ್ದಿಗೆ ಜಗ್ಗದ ಕೋಶವನ್ನು ಇನ್ನೊಂದು ಕೊಲ್ಲಲಿ ಎಂದು ವೈದ್ಯರು ಮದ್ದುಗಳನ್ನು ಕೂಡಿಸತೊಡಗಿದರು.

1973ರಲ್ಲಿ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯಿಂದ ಜೇಮ್ಸ್ ಹಾಲೆಂಡ್ ಮತ್ತು ಸಂಗಡಿಗರು, ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾಕ್ಕೆ 'ಏಳು-ಮೂರು' ಪದ್ಧತಿಯನ್ನು ಪ್ರಕಟಿಸಿದರು: ಏಳು ದಿನ ಸೈಟರಾಬಿನ್, ಮೂರು ದಿನ ಡೌನೋರುಬಿಸಿನ್. ಹರೆಯದವರು ಇದನ್ನು ತಾಳಿಕೊಂಡರು. ಎಪ್ಪತ್ತು ದಾಟಿದ ಎಷ್ಟೋ ಜೀವಗಳಿಗೆ ಮದ್ದಿನ ಹೊಡೆತವೇ ಹೆಚ್ಚಾಯಿತು. ವಿಚಿತ್ರವೆಂದರೆ, ಈ ರೋಗ ತಗಲುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 65 ದಾಟಿದವರೇ!

ಹಿರಿಯರಿಗೆ ಸೌಮ್ಯವಾದ ದಾರಿ ತೆರೆದದ್ದೂ ನಮ್ಮ ನೆರೆಯಲ್ಲೇ. ಮ್ಯಾನ್‌ಹಟನ್ನಿನ ಮೌಂಟ್ ಸೈನಾಯ್ ಆಸ್ಪತ್ರೆಯ ಲೂಯಿಸ್ ಸಿಲ್ವರ್‌ಮನ್ ಮುಂದಾಳಾಗಿದ್ದ, 191 ಮಂದಿಯ ಪರೀಕ್ಷೆಯ ಫಲಿತಾಂಶ 2002ರಲ್ಲಿ ಹೊರಬಂತು. ಅದರ ಆಧಾರದಿಂದ ಅಜಾಸಿಟಿಡಿನ್ ಮದ್ದಿಗೆ, ವಯಸ್ಸಾದವರಲ್ಲೇ ಹೆಚ್ಚಾಗಿ ಕಾಣುವ ಮೂಳೆಮಜ್ಜೆಯ ರೋಗವೊಂದಕ್ಕಾಗಿ, 2004ರಲ್ಲಿ ಒಪ್ಪಿಗೆ ದೊರೆಯಿತು.

ಮುಂದೆ ಇದೇ ಮದ್ದಿಗೆ ವೆನೆಟೋಕ್ಲಾಕ್ಸ್ ಮಾತ್ರೆ ಜೊತೆಯಾಯಿತು. 75 ದಾಟಿದವರು ಇಲ್ಲವೇ ಕಠಿಣ ಚಿಕಿತ್ಸೆ ತಾಳಲಾರದವರು, ಒಟ್ಟು 431 ಮಂದಿ, ಆ ಪರೀಕ್ಷೆಗೆ ಸೇರಿದರು. 2020ರ ಫಲಿತಾಂಶ ಹೀಗಿತ್ತು: ಅಜಾಸಿಟಿಡಿನ್ ಒಂದನ್ನೇ ಪಡೆದವರ ಮಧ್ಯಮ ಆಯಸ್ಸು 9.6 ತಿಂಗಳಾದರೆ, ಎರಡನ್ನೂ ಪಡೆದವರದು 14.7 ತಿಂಗಳು. ಬೆಲೆಯೂ ತೆರಬೇಕಾಯಿತು. ಬಿಳಿರಕ್ತಕಣ ಕುಸಿದು ಬರುವ ಜ್ವರ ಶೇಕಡಾ 19ರಿಂದ 42ಕ್ಕೆ ಏರಿತು.

ಐದು ತಿಂಗಳು ಅಷ್ಟೇನಾ ಎನ್ನಬಹುದು. ಮೊಮ್ಮಗಳ ಮದುವೆ ನೋಡಲು, ಊರಿನ ಮನೆಗೆ ಒಮ್ಮೆ ಹೋಗಿಬರಲು ಅಷ್ಟು ಸಾಕೆಂದು ಹಿರಿಯರಿಗೇ ಅನ್ನಿಸಬಹುದು. ಬೇಡವೆನ್ನುವ ಹಕ್ಕೂ ಅವರದೇ. ನಾವು ಮಾತ್ರ "ವಯಸ್ಸಾಯಿತು, ಇನ್ನೇಕೆ ಹಿಂಸೆ" ಎಂದು ಅವರ ಪರವಾಗಿ ತೀರ್ಮಾನಿಸಿಬಿಡುತ್ತೇವೆ. ಅಪ್ಪ ಅಮ್ಮಂದಿರ ಮುಂದೆ ಇಂಥ ಕಾಗದ ಬಂದಾಗ, ಅದರಲ್ಲಿರುವುದನ್ನು ಕನ್ನಡದಲ್ಲಿ ನಿಧಾನವಾಗಿ ತಿಳಿಸಿಹೇಳೋಣ. ಉತ್ತರ ಅವರೇ ಕೊಡಲಿ.